ಹಳೆಯ ಪಿಎಸ್2 ಸ್ಲಿಮ್‌ಗೆ ಬೆಳಕಿನ ಅಲಂಕಾರ: ಎಲ್‌ಇಡಿ ಕಾಣಬಾರದು, ಬೆಳಕು ಕಾಣಬೇಕು

ಗೇಮ್ ಕನ್ಸೋಲ್‌ಗೆ ಲೈಟ್ ಹಾಕಬೇಕು ಅಂದ ಕೂಡಲೇ ಹೆಚ್ಚಿನವರು ಬಣ್ಣ ಬದಲಾಗುವ ಎಲ್‌ಇಡಿ ಪಟ್ಟಿಯೊಂದನ್ನು ತರಿಸುತ್ತಾರೆ. ಡಬ್ಬಿಯ ಸುತ್ತ ಅಂಟಿಸಿ ರಿಮೋಟ್ ಒತ್ತುತ್ತಾರೆ. ಎರಡು ದಿನ ಚೆಂದ. ಆಮೇಲೆ ಆಟ ಆಡುವಾಗ ಅದೇ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಮೂರನೇ ದಿನ ಆಫ್ ಮಾಡಿ ಮರೆತುಬಿಡುತ್ತಾರೆ. ತೊಂದರೆ ಎಲ್‌ಇಡಿಯದ್ದಲ್ಲ. ಬೆಳಕು ಎಲ್ಲಿಂದ ಹೊರಡುತ್ತದೆ, ಎಲ್ಲಿ ಬೀಳುತ್ತದೆ ಅಂತ ಯಾರೂ ಯೋಚಿಸಿರುವುದಿಲ್ಲ. ಎಲ್‌ಇಡಿ ಎಲ್ಲಿದೆ ಅಂತಲೇ ಗೊತ್ತಾಗದ ಹಾಗೆ, ಬರೀ ಬೆಳಕು ಮಾತ್ರ ಕಾಣುವ ಹಾಗೆ ಮಾಡಿದರೆ ಅದು ವರ್ಷಗಟ್ಟಲೆ ಇಷ್ಟವಾಗುತ್ತದೆ.

ಕಲಿಯಲು ನಾನು ಹೇಳುವ ಕನ್ಸೋಲ್ ಪ್ಲೇಸ್ಟೇಷನ್ 2ರ ಸ್ಲಿಮ್ ಮಾದರಿ. ಪಿಎಸ್2 ಬಂದದ್ದು 2000ದಲ್ಲಿ, ತೆಳ್ಳಗಿನ ಸ್ಲಿಮ್ ಬಂದದ್ದು 2004ರಲ್ಲಿ. 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರ ಇದು. ಹಾಗಾಗಿ ಅಟ್ಟದ ಮೇಲೋ ಕಪಾಟಿನಲ್ಲೋ ಇನ್ನೂ ಬೇಕಾದಷ್ಟು ಬಿದ್ದಿವೆ, ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತವೆ. ವಾರಂಟಿಯ ಚಿಂತೆ ಯಾವತ್ತೋ ಮುಗಿದಿದೆ.

ಇದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಸ್ಲಿಮ್‌ನ ಮೊದಲ ಮಾದರಿಗಳಿಗೆ ಪವರ್ ಅಡಾಪ್ಟರ್ ಹೊರಗಿದೆ. ಡಬ್ಬಿಯೊಳಗೆ ಬರುವುದು ಬರೀ 8.5 ವೋಲ್ಟ್ ಡಿಸಿ. ಮನೆಯ 230 ವೋಲ್ಟ್ ಕರೆಂಟು ಕನ್ಸೋಲ್‌ನೊಳಗೆ ಬರುವುದೇ ಇಲ್ಲ. ಮೊದಲ ಸಲ ಸ್ಕ್ರೂಡ್ರೈವರ್ ಹಿಡಿಯುವವರಿಗೆ ಇದಕ್ಕಿಂತ ನೆಮ್ಮದಿ ಇನ್ನೇನು ಬೇಕು? ಆದರೆ ಎಲ್ಲ ಸ್ಲಿಮ್‌ಗಳೂ ಹೀಗಲ್ಲ. ಲೇಬಲ್ ಮೇಲಿನ ಮಾದರಿ ಸಂಖ್ಯೆ ನೋಡಿ. ಎಸ್‌ಸಿಪಿಹೆಚ್ (SCPH) ಆದ ಮೇಲೆ 70, 75, 77 ಅಥವಾ 79ರಿಂದ ಶುರುವಾದರೆ ಅಡಾಪ್ಟರ್ ಹೊರಗಿನದು. 90ರಿಂದ ಶುರುವಾದರೆ ಪವರ್ ಸಪ್ಲೈ ಒಳಗೇ ಇದೆ, ಗೋಡೆಯ ಕರೆಂಟು ನೇರ ಡಬ್ಬಿಗೇ ಬರುತ್ತದೆ. ಮೊದಲಿನ ದಪ್ಪ ಪಿಎಸ್2 ಕೂಡ ಹಾಗೆಯೇ. ಅವುಗಳನ್ನು ಬಿಚ್ಚಬೇಡಿ. ಮುಂದೆ ಹೇಳುವ ಬಿಚ್ಚದೇ ಮಾಡುವ ವಿಧಾನ ಅವಕ್ಕೂ ಆಗುತ್ತದೆ.

ಕರೆಂಟು ಎಲ್ಲಿಂದ?

ಪಿಎಸ್2ರ ಮುಂದೆ ಎರಡು ಯುಎಸ್‌ಬಿ ಪೋರ್ಟ್ ಇವೆ. ನಮಗೆ ಬೇಕಾದ 5 ವೋಲ್ಟ್ ಅಲ್ಲೇ ಸಿಗುತ್ತದೆ. ಬೇರೆ ಬ್ಯಾಟರಿ, ಬೇರೆ ಚಾರ್ಜರ್ ಏನೂ ಬೇಡ. ಯುಎಸ್‌ಬಿ ನಿಯಮದ ಪ್ರಕಾರ ಒಂದು ಪೋರ್ಟಿನಿಂದ ಹೆಚ್ಚೆಂದರೆ 500 ಮಿಲಿಆಂಪ್ ಎಳೆಯಬಹುದು. ನಾವು 100ರ ಒಳಗೇ ಇರೋಣ. ಹಳೆಯ ಯಂತ್ರ, ಅದರ ತಾಳ್ಮೆ ಪರೀಕ್ಷಿಸುವುದು ಯಾಕೆ?

ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. ಚಿಕ್ಕ ಯುಎಸ್‌ಬಿ ಲ್ಯಾಂಪ್ ಒಂದನ್ನು ಪೋರ್ಟಿಗೆ ಚುಚ್ಚಿ. ಕನ್ಸೋಲ್ ಸ್ಟ್ಯಾಂಡ್‌ಬೈನಲ್ಲಿದ್ದಾಗ, ಅಂದರೆ ಕೆಂಪು ದೀಪ ಇದ್ದಾಗ, ಲ್ಯಾಂಪ್ ಉರಿಯುತ್ತದಾ ನೋಡಿ. ಆನ್ ಮಾಡಿ ಹಸಿರು ಬಂದ ಮೇಲೆ ಮತ್ತೆ ನೋಡಿ. ಆನ್ ಆದಾಗ ಮಾತ್ರ ಉರಿದರೆ ನಿಮ್ಮ ಅಲಂಕಾರದ ಬೆಳಕಿಗೂ ಬೇರೆ ಸ್ವಿಚ್ ಬೇಡ. ಕನ್ಸೋಲ್ ಜೊತೆಗೇ ಹೊತ್ತಿಕೊಳ್ಳುತ್ತದೆ, ಜೊತೆಗೇ ಆರುತ್ತದೆ.

ಅಡಾಪ್ಟರ್ ಪಿನ್ ಬರುವ ಜಾಗದಿಂದಲೇ 8.5 ವೋಲ್ಟ್ ತೆಗೆಯಿರಿ ಅಂತ ಕೆಲವರು ಹೇಳುತ್ತಾರೆ. ಬೇಡ. ಅಲ್ಲಿ ಅಡಾಪ್ಟರ್ ಹಾಕಿರುವಷ್ಟು ಹೊತ್ತೂ ಕರೆಂಟು ಇರುತ್ತದೆ, ಕನ್ಸೋಲ್ ಆಫ್ ಆದರೂ ಲೈಟು ಉರಿಯುತ್ತಲೇ ಇರುತ್ತದೆ. ತಪ್ಪಿ ಶಾರ್ಟ್ ಆದರೆ ಅಲ್ಲಿ ಹರಿಯುವ ಕರೆಂಟು ಕೂಡ ತುಂಬಾ ಜಾಸ್ತಿ.

ಬಿಚ್ಚದೇ ಮಾಡುವ ವಿಧಾನ

ಕನ್ಸೋಲ್‌ನ ಅಡಿಯಿಂದ ಬೆಳಕು ಮೇಜಿನ ಮೇಲೆ ಹರಡುವುದು ಅತಿ ಸುಲಭ, ನೋಡಲೂ ಸೊಗಸು. 5 ವೋಲ್ಟಿನ, ಒಂದೇ ಬಣ್ಣದ, ಯುಎಸ್‌ಬಿ ಪ್ಲಗ್ ಇರುವ ಪಟ್ಟಿ ತನ್ನಿ. ಅಂಗಡಿಯಲ್ಲಿ 12 ವೋಲ್ಟಿನದೇ ಜಾಸ್ತಿ ಸಿಗುತ್ತದೆ, ಅದು 5 ವೋಲ್ಟಿಗೆ ಉರಿಯುವುದಿಲ್ಲ. ಕೇಳಿ ತೆಗೆದುಕೊಳ್ಳಿ. ಪ್ರತಿ ಎಲ್‌ಇಡಿಗೂ ಬೇರೆ ಬೇರೆ ಬಣ್ಣ ಕೊಡಬಹುದಾದ ಡಬ್ಲ್ಯುಎಸ್2812ಬಿ ಪಟ್ಟಿಯೂ ಇದೆ. ಪೂರ್ತಿ ಬಿಳಿ ಬೆಳಕಿನಲ್ಲಿ ಅದರ ಒಂದೊಂದು ಎಲ್‌ಇಡಿಯೂ 60 ಮಿಲಿಆಂಪ್‌ವರೆಗೆ ಕುಡಿಯುತ್ತದೆ. ಮೂವತ್ತು ಹಾಕಿದರೆ 1.8 ಆಂಪ್. ಈ ಪೋರ್ಟಿಗೆ ಅದು ಆಗದ ಮಾತು.

ಪಟ್ಟಿಯ ಮೇಲೆ ಕತ್ತರಿಯ ಗುರುತು ಇರುವಲ್ಲಿ ಮಾತ್ರ ಕತ್ತರಿಸಿ. ಕನ್ಸೋಲ್‌ನ ನಾಲ್ಕೂ ಬದಿಗೆ ಹಾಕುವ ಅಗತ್ಯವಿಲ್ಲ. ಎಡ ಬಲ ಎರಡೇ ಬದಿ ಸಾಕು, ಬೆಳಕು ಹಿಂದೆ ಗೋಡೆಯ ಕಡೆಗೂ ತಾನೇ ಹರಿಯುತ್ತದೆ. ಮುಂದಿನ ಅಂಚಿಗೆ ಹಾಕಲೇಬೇಡಿ, ಸೋಫಾದ ಮೇಲೆ ಕೂತವರ ಕಣ್ಣಿಗೆ ನೇರ ಹೊಡೆಯುವುದು ಅದೇ.

ಸ್ಲಿಮ್‌ನ ಕಾಲುಗಳು ತುಂಬಾ ಗಿಡ್ಡ. ಪಟ್ಟಿ ಅಂಟಿಸಿದರೆ ಎಲ್‌ಇಡಿ ಮೇಜಿಗೆ ತಾಗಿಕೊಂಡೇ ಇರುತ್ತದೆ, ಮೇಜಿನ ಮೇಲೆ ಸಾಲು ಚುಕ್ಕೆಗಳು ಕಾಣುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 8ರಿಂದ 10 ಮಿಲಿಮೀಟರ್ ಎತ್ತರದ ರಬ್ಬರ್ ಬುಶ್ ನಾಲ್ಕು ತಂದು ಕಾಲಿನ ಜಾಗದಲ್ಲಿ ಅಂಟಿಸಿ. ಬೆಳಕಿಗೆ ಹರಡಲು ಜಾಗ ಸಿಗುತ್ತದೆ, ಅಡಿಯಲ್ಲಿ ಗಾಳಿಯೂ ಚೆನ್ನಾಗಿ ಆಡುತ್ತದೆ. ಪಟ್ಟಿಯನ್ನು ಅಂಚಿಗೆ ಹಚ್ಚದೆ ಒಂದೆರಡು ಸೆಂಟಿಮೀಟರ್ ಒಳಗೆ ಅಂಟಿಸಿ. ಹೊಳೆಯುವ ಗಾಜಿನ ಮೇಜಾದರೆ ಇಷ್ಟು ಮಾಡಿದರೂ ಚುಕ್ಕೆಗಳು ಪ್ರತಿಬಿಂಬದಲ್ಲಿ ಕಾಣುತ್ತವೆ. ಪಟ್ಟಿಯ ಮೇಲೆ ಬಟರ್ ಪೇಪರ್‌ನ ಒಂದು ಪದರ ಹಾಕಿ. ಅಥವಾ ಕನ್ಸೋಲ್ ಕೆಳಗೆ ಬಟ್ಟೆ ಹಾಸಿ, ಗಾಳಿಯ ಕಿಂಡಿ ಮುಚ್ಚದಂತೆ ನೋಡಿಕೊಳ್ಳಿ.

ಇನ್ನೊಂದು ಉಪಾಯ ನನಗೆ ಇದಕ್ಕಿಂತ ಇಷ್ಟ. ಕನ್ಸೋಲ್‌ಗಿಂತ ಎಲ್ಲ ಕಡೆ ಎರಡು ಮೂರು ಸೆಂಟಿಮೀಟರ್ ದೊಡ್ಡದಾದ, 5 ಮಿಲಿಮೀಟರ್ ದಪ್ಪದ ಪಾರದರ್ಶಕ ಅಕ್ರಿಲಿಕ್ ಹಲಗೆ ಮಾಡಿಸಿ. ಅದರ ಹಿಂದಿನ ಅಂಚಿಗೆ ಎಲ್‌ಇಡಿ ಪಟ್ಟಿ ಅಂಟಿಸಿ, ಕನ್ಸೋಲನ್ನು ಹಲಗೆಯ ಮೇಲೆ ಇಡಿ. ಅಂಚಿನಿಂದ ಒಳಹೊಕ್ಕ ಬೆಳಕು ಅಕ್ರಿಲಿಕ್‌ನ ಮೇಲ್ಮೈಗೆ ಓರೆಯಾಗಿ ಬಡಿದು ಮತ್ತೆ ಒಳಕ್ಕೇ ಮರಳುತ್ತದೆ, ಹೀಗೇ ಪುಟಿಯುತ್ತಾ ಸಾಗುತ್ತದೆ. ಗೀಚು ಸಿಕ್ಕಿದ ಕಡೆ ಮಾತ್ರ ಹೊರಬರುತ್ತದೆ. ಅಂದರೆ ನೀವು ಏನು ಕೆತ್ತಿಸುತ್ತೀರೋ ಅದಷ್ಟೇ ಹೊಳೆಯುತ್ತದೆ, ಉಳಿದ ಹಲಗೆ ಖಾಲಿ ಗಾಜಿನ ಹಾಗೆ ಇರುತ್ತದೆ.

ಅಕ್ರಿಲಿಕ್ ಕತ್ತರಿಸಿ ಕೆತ್ತುವ ಕೆಲಸಕ್ಕೆ ನಿಮ್ಮೂರಿನ ನೇಮ್ ಬೋರ್ಡ್ ಮಾಡುವ ಅಂಗಡಿಗೆ ಹೋಗಿ. ಲೇಸರ್ ಯಂತ್ರ ಇರುವ ಕಡೆ ಬೇಗ ಮಾಡಿಕೊಡುತ್ತಾರೆ. ಕೆತ್ತನೆ ಹಲಗೆಯ ಕೆಳಮುಖದಲ್ಲಿ ಇರಲಿ, ಮೇಲಿನಿಂದ ನೋಡಿದರೆ ಚಿತ್ರ ಒಳಗೆ ತೇಲುತ್ತಿರುವ ಹಾಗೆ ಕಾಣುತ್ತದೆ. ಆದರೆ ಅಕ್ಷರಗಳಿದ್ದರೆ ಉಲ್ಟಾ ಕೆತ್ತಬೇಕು. ಕನ್ನಡ ಅಕ್ಷರ ಓದಲು ಬಾರದ ಕೆಲಸಗಾರ ಯಂತ್ರದ ಮುಂದೆ ಕೂತಿದ್ದರೆ ಸರಿಯೋ ತಪ್ಪೋ ಅವನಿಗೆ ಗೊತ್ತಾಗುವುದಿಲ್ಲ. ನೀವೇ ನಿಂತು ನೋಡಿ. ಬೆಳಕು ಒಳಹೋಗುವ ಅಂಚು ನಯವಾಗಿರಬೇಕು. ಗರಗಸದ ಗುರುತಿದ್ದರೆ 400, 800, 1500 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಹಾಕಿಕೊಂಡು ಉಜ್ಜಿ. ಪಟ್ಟಿಯ ಬೆನ್ನ ಮೇಲಿಂದ ಅಕ್ರಿಲಿಕ್‌ನ ಅಂಚಿಗೆ ಸುತ್ತಿ ಕಪ್ಪು ಟೇಪ್ ಹಾಕಿದರೆ ಬೆಳಕು ಹೊರಗೆ ಸೋರುವುದಿಲ್ಲ.

ಬಿಚ್ಚಿ ಮಾಡುವ ವಿಧಾನ

ಗಾಳಿಯ ಕಿಂಡಿಗಳಿಂದ ಬೆಳಕು ಇಣುಕಬೇಕು ಅಂದರೆ ಡಬ್ಬಿ ಬಿಚ್ಚಬೇಕು. ಬೇಕಾಗುವ ಸಾಮಾನು ಹೆಚ್ಚೇನಿಲ್ಲ. 3 ಮಿಲಿಮೀಟರಿನ ಎಲ್‌ಇಡಿ ನಾಲ್ಕು, ಕಾಲು ವ್ಯಾಟಿನ ರೆಸಿಸ್ಟರ್‌ಗಳು (ಕರೆಂಟನ್ನು ತಡೆಯುವ ಬಿಡಿಭಾಗ), ತೆಳು ರಿಬ್ಬನ್ ವೈರು, ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಬಿಗಿಯಾಗುವ ಪ್ಲಾಸ್ಟಿಕ್), 25 ವ್ಯಾಟಿನ ಸೋಲ್ಡರಿಂಗ್ ಐರನ್, ಸೋಲ್ಡರ್, ಮಲ್ಟಿಮೀಟರ್, ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ, ಒಂದೇ ಸುತ್ತಿಗೆ ಎಲ್ಲ ಸಿಗುತ್ತದೆ. ಬೇರೆ ಊರಿನಲ್ಲಿ ಟಿವಿ ರಿಪೇರಿ ಅಂಗಡಿಯವರನ್ನು ಕೇಳಿ, ಅವರ ಡ್ರಾಯರ್‌ನಲ್ಲಿ ಇದೆಲ್ಲ ಇದ್ದೇ ಇರುತ್ತದೆ. 5 ಮಿಲಿಮೀಟರಿನ ಎಲ್‌ಇಡಿ ಬೇಡ. ಸ್ಲಿಮ್‌ನ ಒಟ್ಟು ದಪ್ಪವೇ 2.8 ಸೆಂಟಿಮೀಟರ್, ಒಳಗೆ ಜಾಗವಿಲ್ಲ.

ಕೆಲಸದ ಅರ್ಧ ಭಾಗ ಡಬ್ಬಿ ಬಿಚ್ಚುವ ಮೊದಲೇ ಮುಗಿಯುತ್ತದೆ. ಅದು ರೆಸಿಸ್ಟರ್ ಆರಿಸುವ ಕೆಲಸ. ಎಲ್‌ಇಡಿಗೆ ನೇರ 5 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ನೀಲಿ ಮತ್ತು ಬಿಳಿ 3.2ರ ಆಸುಪಾಸು. ಉಳಿದ ವೋಲ್ಟೇಜನ್ನು ರೆಸಿಸ್ಟರ್ ತಡೆಯಬೇಕು. ಲೆಕ್ಕ ಸುಲಭ. ಬಿಳಿ ಎಲ್‌ಇಡಿಗೆ 10 ಮಿಲಿಆಂಪ್ ಬೇಕಾದರೆ 5ರಲ್ಲಿ 3.2 ಕಳೆದು 0.010ರಿಂದ ಭಾಗಿಸಿ, 180 ಓಮ್ ಬರುತ್ತದೆ, ಓಮ್ ಅಂದರೆ ರೆಸಿಸ್ಟರಿನ ಅಳತೆ. ಕೆಂಪಿಗೆ ಇದೇ ಲೆಕ್ಕದಲ್ಲಿ 300, ಅಂಗಡಿಯಲ್ಲಿ 330 ಕೇಳಿ ತಗೊಳ್ಳಿ.

ಆದರೆ 10 ಮಿಲಿಆಂಪ್ ಬೇಕಾ ಅನ್ನುವುದೇ ಪ್ರಶ್ನೆ. ಈ ಎಲ್‌ಇಡಿಗಳು 20 ಮಿಲಿಆಂಪ್‌ವರೆಗೆ ತಾಳುತ್ತವೆ, ಅದಕ್ಕೇ ಎಲ್ಲರೂ ಆ ಕಡೆಗೇ ಓಡುತ್ತಾರೆ. ನಮ್ಮ ಕಣ್ಣು ಬೆಳಕನ್ನು ಮೀಟರಿನ ಹಾಗೆ ಅಳೆಯುವುದಿಲ್ಲ. ಕರೆಂಟು ಅರ್ಧ ಮಾಡಿದರೆ ಬೆಳಕು ಅರ್ಧ ಆದ ಹಾಗೆ ಅನ್ನಿಸುವುದೇ ಇಲ್ಲ, ಚೂರು ಕಡಿಮೆ ಆಯಿತು ಅನ್ನಿಸುತ್ತದೆ ಅಷ್ಟೆ. 180, 470 ಮತ್ತು 1000 ಓಮ್ ಮೂರನ್ನೂ ತನ್ನಿ. ಬಿಳಿ ಎಲ್‌ಇಡಿಯಲ್ಲಿ 470ಕ್ಕೆ ಸುಮಾರು 3.8 ಮಿಲಿಆಂಪ್ ಹರಿಯುತ್ತದೆ, 1000ಕ್ಕೆ 1.8. ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟಿಗೆ ಜೋಡಿಸಿ ಒಂದೊಂದನ್ನೇ ಹೊತ್ತಿಸಿ ನೋಡಿ. ಹಗಲು ಹೊತ್ತಿನಲ್ಲಿ ಅಲ್ಲ, ನೀವು ಆಟ ಆಡುವ ಹೊತ್ತಿನಲ್ಲಿ, ಅದೇ ಕೋಣೆಯಲ್ಲಿ, ಟಿವಿ ಆನ್ ಮಾಡಿ ನೋಡಿ. ಬಹಳಷ್ಟು ಜನ 470 ಅಥವಾ 1000ಕ್ಕೇ ಬಂದು ನಿಲ್ಲುತ್ತಾರೆ ಅನ್ನುವುದು ನನ್ನ ನಂಬಿಕೆ.

ಬಣ್ಣದ ವಿಷಯದಲ್ಲಿ ನನ್ನ ಮತ ಅಂಬರ್ ಅಥವಾ ಬೆಚ್ಚನೆ ಬಿಳಿಗೆ. ಪಿಎಸ್2ರ ಜೊತೆ ನೀಲಿ ಅಂದರೆ ಎಲ್ಲರಿಗೂ ಪ್ರೀತಿ, ಅದು ಗೊತ್ತು. ನೀಲಿಯೇ ಬೇಕಿದ್ದರೆ 1000 ಓಮ್‌ಗಿಂತ ಕಡಿಮೆ ಹಾಕಬೇಡಿ, ಕತ್ತಲೆಯಲ್ಲಿ ನೀಲಿ ಬೆಳಕು ಕಣ್ಣಿಗೆ ಬೇಗ ಆಯಾಸ ತರುತ್ತದೆ. ತಾನೇ ಬಣ್ಣ ಬದಲಿಸುವ ಅಗ್ಗದ ಎಲ್‌ಇಡಿಗಳೂ ಸಿಗುತ್ತವೆ. ನಾಲ್ಕು ಹಾಕಿದರೆ ನಾಲ್ಕೂ ಸ್ವಲ್ಪ ಹೊತ್ತಿನಲ್ಲೇ ತಾಳ ತಪ್ಪಿ ಒಂದೊಂದು ಒಂದೊಂದು ಬಣ್ಣ ತೋರಿಸುತ್ತವೆ. ಮದುವೆ ಮನೆಯ ಸೀರಿಯಲ್ ಸೆಟ್ ಬೇಕಿದ್ದರೆ ಸರಿ.

ಎಲ್‌ಇಡಿಯ ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿದ್ದರೆ ಬುಡದ ಸುತ್ತಿನಲ್ಲಿ ಚಪ್ಪಟೆಯಾಗಿರುವ ಬದಿ ಮೈನಸ್. ಅನುಮಾನ ಬಂದರೆ ಸಿಆರ್2032 ಬಟನ್ ಸೆಲ್‌ಗೆ ಕಾಲುಗಳನ್ನು ತಾಗಿಸಿ, ಸರಿ ಇದ್ದರೆ ಹೊತ್ತಿಕೊಳ್ಳುತ್ತದೆ. ನಂತರ ಎಲ್‌ಇಡಿಯ ತಲೆಯನ್ನು 400ರ ವಾಟರ್ ಪೇಪರ್‌ನಲ್ಲಿ ಉಜ್ಜಿ ಮಬ್ಬು ಮಾಡಿ. ಹೊಳಪು ಹೋದರೆ ಬೆಳಕು ಒಂದೇ ಕಡೆ ಬಾಣದಂತೆ ಹೋಗದೆ ಸುತ್ತ ಹರಡುತ್ತದೆ. ಇಷ್ಟು ಚಿಕ್ಕ ಕೆಲಸ ಯಾರೂ ಮಾಡುವುದಿಲ್ಲ, ಫಲ ಮಾತ್ರ ದೊಡ್ಡದು.

ಈಗ ಬಿಚ್ಚೋಣ. ಅಡಾಪ್ಟರ್ ಕಿತ್ತು ಐದು ನಿಮಿಷ ಬಿಡಿ. ಡಿಸ್ಕ್, ಮೆಮೊರಿ ಕಾರ್ಡ್ ತೆಗೆಯಿರಿ. ಮೈಯ ಸ್ಟ್ಯಾಟಿಕ್ ಹೋಗಲು ನೆಲಕ್ಕೆ ಜೋಡಣೆಯಿರುವ ಲೋಹದ ನಲ್ಲಿ ಮುಟ್ಟಿ. ಕನ್ಸೋಲ್ ಮಗುಚಿ ಹಾಕಿದರೆ ಅಡಿಯಲ್ಲಿ ಚಿಕ್ಕ ಮುಚ್ಚಳಗಳು ಕಾಣುತ್ತವೆ, ಸ್ಕ್ರೂಗಳು ಅವುಗಳ ಅಡಿಯಲ್ಲಿ ಅಡಗಿವೆ. ಮಾದರಿಯಿಂದ ಮಾದರಿಗೆ ಜಾಗ ಬೇರೆಯಾಗುತ್ತದೆ, ಹಾಗಾಗಿ ಕಾಲುಗಳ ಕೆಳಗೂ ನೋಡಿ. ಎಲ್ಲ ಸ್ಕ್ರೂ ಬಂದರೂ ಮೇಲಿನ ಭಾಗ ಬರುತ್ತಿಲ್ಲ ಅಂದರೆ ಒತ್ತಾಯ ಮಾಡಬೇಡಿ, ಇನ್ನೊಂದು ಸ್ಕ್ರೂ ಎಲ್ಲೋ ಉಳಿದಿದೆ. ಮುಚ್ಚಳವನ್ನು ಸರ್ರನೆ ಎಳೆಯದೆ, ಒಂದು ಬೆರಳಿನಷ್ಟು ಎತ್ತಿ ಟಾರ್ಚ್ ಬಿಟ್ಟು ನೋಡಿ. ಒಳಗೆ ಕಾಗದದಂಥ ತೆಳು ಪಟ್ಟಿ ಕೇಬಲ್‌ಗಳಿರುತ್ತವೆ. ಅವು ಒಮ್ಮೆ ಹರಿದರೆ ಬೆಸುಗೆ ಹಾಕಲು ಬರುವುದಿಲ್ಲ. ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ.

ಯುಎಸ್‌ಬಿ ಸಾಕೆಟ್‌ನ ಕಾಲುಗಳು ಬೋರ್ಡಿನ ಯಾವ ಬದಿ ಕಾಣುತ್ತವೆ ನೋಡಿ. ನಾಲ್ಕು ಕಾಲು ಇರುತ್ತವೆ. ನಡುವಿನ ಎರಡು ಡೇಟಾದ್ದು, ಅವುಗಳ ತಂಟೆಗೆ ಹೋಗಬೇಡಿ. ತುದಿಯ ಎರಡರಲ್ಲಿ ಒಂದು 5 ವೋಲ್ಟ್, ಇನ್ನೊಂದು ಗ್ರೌಂಡ್, ಅಂದರೆ ಮೈನಸ್. ಯಾವುದು ಯಾವುದು ಅಂತ ತಿಳಿಯಲು ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ, ಎರಡು ಮೊನೆಗಳ ನಡುವೆ ಕರೆಂಟಿಗೆ ದಾರಿ ಇದ್ದರೆ ಅದು ಸದ್ದು ಮಾಡುತ್ತದೆ. ಒಂದು ಮೊನೆ ಸಾಕೆಟ್‌ನ ಲೋಹದ ಕವಚಕ್ಕೆ, ಇನ್ನೊಂದು ಮೊನೆ ತುದಿಯ ಕಾಲಿಗೆ. ಬೀಪ್ ಬಂದದ್ದು ಗ್ರೌಂಡ್. ಇದೆಲ್ಲ ಅಡಾಪ್ಟರ್ ಕಿತ್ತಿರುವಾಗಲೇ ಆಗಬೇಕು. ಕರೆಂಟು ಇರುವ ಬೋರ್ಡಿನ ಮೇಲೆ ಮೊನೆ ಜಾರಿ ಎರಡು ಕಾಲಿಗೆ ತಾಗಿದರೆ ಅಲ್ಲಿಗೆ ಮುಗಿಯಿತು.

ವೈರಿಂಗ್‌ನಲ್ಲಿ ಒಂದು ಕ್ರಮ ಪಾಲಿಸಿ. ನಾಲ್ಕು ಎಲ್‌ಇಡಿಗೆ ನಾಲ್ಕು ರೆಸಿಸ್ಟರ್, ಒಂದೊಂದಕ್ಕೆ ಒಂದೊಂದು. ಒಂದೇ ರೆಸಿಸ್ಟರ್‌ಗೆ ನಾಲ್ಕನ್ನೂ ಕಟ್ಟಿದರೆ ಯಾವ ಎಲ್‌ಇಡಿಗೆ ವೋಲ್ಟೇಜ್ ಚೂರು ಕಡಿಮೆ ಸಾಕೋ ಅದೇ ಜಾಸ್ತಿ ಕರೆಂಟು ಎಳೆದುಕೊಳ್ಳುತ್ತದೆ, ಉಳಿದವು ಮಂಕಾಗುತ್ತವೆ. ರೆಸಿಸ್ಟರ್‌ಗಳನ್ನು ಎಲ್‌ಇಡಿಯ ಪಕ್ಕ ಹಾಕಬೇಡಿ, 5 ವೋಲ್ಟ್ ತೆಗೆಯುವ ಜಾಗದಲ್ಲೇ ಹಾಕಿ. ಮುಂದೆ ಯಾವತ್ತಾದರೂ ವೈರಿನ ಸಿಪ್ಪೆ ಸುಲಿದು ಲೋಹಕ್ಕೆ ತಾಗಿದರೂ 180 ಓಮ್ ದಾಟಿ ಹರಿಯುವುದು 28 ಮಿಲಿಆಂಪ್ ಮಾತ್ರ. ಬೋರ್ಡಿಗೆ ಏನೂ ಆಗುವುದಿಲ್ಲ. ರೆಸಿಸ್ಟರ್ ಆ ತುದಿಯಲ್ಲಿದ್ದರೆ ಇದೇ ತಪ್ಪಿಗೆ ಬೋರ್ಡಿನ ಮೇಲಿನ ಸಾಸಿವೆಯಷ್ಟು ಫ್ಯೂಸ್ ಹೋಗುತ್ತದೆ, ಅದನ್ನು ಬದಲಿಸುವುದು ಬೇರೆಯೇ ರಾಮಾಯಣ. ಐದು ಎಳೆಯ ರಿಬ್ಬನ್ ವೈರು ಸಾಕು, ನಾಲ್ಕು ಪ್ಲಸ್‌ಗೆ, ಒಂದು ಎಲ್ಲಕ್ಕೂ ಸೇರಿದ ಗ್ರೌಂಡ್‌ಗೆ.

ಬೋರ್ಡಿನ ಮೇಲೆ ಐರನ್ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಡಬೇಡಿ. ಹಿಡಿಯಲಿಲ್ಲ ಅಂದರೆ ತೆಗೆದು, ತಣ್ಣಗಾದ ಮೇಲೆ ಮತ್ತೆ ಇಡಿ. ವೈರಿನ ತುದಿಗೆ ಮೊದಲೇ ಸೋಲ್ಡರ್ ಹಚ್ಚಿಟ್ಟುಕೊಂಡರೆ ಬೇಗ ಹಿಡಿಯುತ್ತದೆ. ಬೆಸೆದ ಜಾಗಕ್ಕೆಲ್ಲ ಹೀಟ್ ಶ್ರಿಂಕ್ ಹಾಕಿ. ಸಾಮಾನ್ಯ ಸೋಲ್ಡರ್‌ನಲ್ಲಿ ಸೀಸ ಇರುತ್ತದೆ. ಕಿಟಕಿ ತೆಗೆದಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ.

ಎಲ್‌ಇಡಿಯನ್ನು ಕಿಂಡಿಯ ಕಡೆ ಮುಖ ಮಾಡಿ ಕೂರಿಸುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಡಬ್ಬಿಯ ಒಳಮುಖಕ್ಕೆ ತಿರುಗಿಸಿ, ಎದುರಿನ ಗೋಡೆಗೆ ಬಡಿದು ವಾಪಸ್ ಬರುವ ಬೆಳಕು ಕಿಂಡಿಯಿಂದ ಹೊರಬರಲಿ. ಒಳಗಿನ ಪ್ಲಾಸ್ಟಿಕ್ ಕಪ್ಪಾದ್ದರಿಂದ ಅದು ಬೆಳಕನ್ನು ನುಂಗುತ್ತದೆ. ಬೆಳಕು ಬೀಳುವ ಜಾಗಕ್ಕೆ ಬಿಳಿ ಟೇಪ್ ಅಂಟಿಸಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಚೆನ್ನಾಗಿ ಹೊಳೆಯುತ್ತದೆ ನಿಜ, ಆದರೆ ಅದು ಕರೆಂಟು ಹರಿಸುವ ಲೋಹ, ಒಂದು ಚೂರು ಕಳಚಿ ಬೋರ್ಡಿನ ಮೇಲೆ ಬಿದ್ದರೆ ಕಥೆ ಮುಗಿಯಿತು.

ಹಾಟ್ ಗ್ಲೂ ಒಂದೊಂದು ಹನಿ ಸಾಕು. ಶಾಖದಲ್ಲಿ ಅದು ಮೆತ್ತಗಾಗುತ್ತದೆ, ಚಿಪ್‌ನ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್ ಸಿಂಕ್ ಹತ್ತಿರ ಹಾಕಬೇಡಿ. ಫ್ಯಾನ್, ಗಾಳಿಯ ದಾರಿ, ತಿರುಗುವ ಡಿಸ್ಕ್, ಹಿಂದೆ ಮುಂದೆ ಓಡುವ ಲೇಸರ್, ಈ ನಾಲ್ಕರಿಂದ ವೈರುಗಳು ದೂರ ಇರಲಿ. ಡಿಸ್ಕ್ ಹಾಕುವ ಮೇಲಿನ ಮುಚ್ಚಳದಲ್ಲಿ ಕಿಟಕಿ ಕೊರೆದು ಲೋಗೊ ಹೊಳೆಯಿಸುವ ಆಸೆ ಇದ್ದರೆ ಬಿಟ್ಟುಬಿಡಿ. ವೈರು ಪ್ರತಿಸಲ ತೆರೆದಾಗಲೂ ಹಿಂಜಿನ ಹತ್ತಿರ ಮಡಚುತ್ತದೆ, ಕೆಳಗೇ ಡಿಸ್ಕ್ ತಿರುಗುತ್ತಿರುತ್ತದೆ. ಡಬ್ಬಿಯ ಬದಿಯಲ್ಲಿ ತೂತು ಬೇಕೇಬೇಕು ಅನ್ನುವವರು ಬೋರ್ಡು ಪೂರ್ತಿ ಹೊರತೆಗೆದು, ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೊದಲು 2 ಆಮೇಲೆ 3 ಮಿಲಿಮೀಟರ್ ಬಿಟ್‌ನಲ್ಲಿ ನಿಧಾನ ಕೊರೆಯಿರಿ. ಡ್ರಿಲ್ ಜೋರಾಗಿ ತಿರುಗಿದರೆ ಪ್ಲಾಸ್ಟಿಕ್ ಕರಗಿ ತೂತು ಸೊಟ್ಟಗಾಗುತ್ತದೆ.

ಮುಚ್ಚುವ ಮೊದಲು ಪರೀಕ್ಷೆ. ಅಡಾಪ್ಟರ್ ಹಾಕುವ ಮುನ್ನ ಮತ್ತೊಮ್ಮೆ ಬೀಪ್ ಮೋಡ್‌ನಲ್ಲಿ 5 ವೋಲ್ಟ್ ಕಾಲಿಗೂ ಗ್ರೌಂಡ್‌ಗೂ ನಡುವೆ ನೋಡಿ, ಬೀಪ್ ಬರಬಾರದು. ನಂತರ ಡಿಸ್ಕ್ ಇಲ್ಲದೆ ಆನ್ ಮಾಡಿ. ಮುಚ್ಚಳ ಮುಚ್ಚಿದೆ ಅಂತ ಯಂತ್ರಕ್ಕೆ ಹೇಳುವ ಚಿಕ್ಕ ಸ್ವಿಚ್ ಇರುತ್ತದೆ. ಅದನ್ನು ಬೆರಳಿನಿಂದ ಒತ್ತಿ ಹಿಡಿದು ಒಳಗೆ ಇಣುಕಬೇಡಿ. ಸಿಡಿ ಓದುವ ಲೇಸರ್ ಇನ್‌ಫ್ರಾರೆಡ್, ಅದರ ಕಿರಣ ಕಾಣುವುದಿಲ್ಲ, ಕಣ್ಣಿಗೆ ಹಾನಿ ಮಾತ್ರ ಮಾಡುತ್ತದೆ.

ಎಲ್ಲ ಹೊತ್ತಿಕೊಂಡರೆ ಡಬ್ಬಿ ಮುಚ್ಚಿ, ಯುಎಸ್‌ಬಿಗೆ ಏನಾದರೂ ಚುಚ್ಚಿ ಅದು ಕೆಲಸ ಮಾಡುತ್ತದಾ ನೋಡಿ. ಡೇಟಾ ಕಾಲು ಮುಟ್ಟಿಲ್ಲವಾದ್ದರಿಂದ ಮಾಡಬೇಕು. ಒಂದು ಗಂಟೆ ಆಟ ಆಡಿ. ಹಿಂದಿನಿಂದ ಬರುವ ಗಾಳಿ ಎಂದಿಗಿಂತ ಬಿಸಿ ಅನ್ನಿಸಿದರೆ ಯಾವುದೋ ವೈರು ಗಾಳಿಯ ದಾರಿಗೆ ಅಡ್ಡ ಬಂದಿದೆ. ಫ್ಯಾನ್ ಟರ್ ಅಂತ ಸದ್ದು ಮಾಡಿದರಂತೂ ಆಗಲೇ ಆಫ್ ಮಾಡಿ ಬಿಚ್ಚಿ.

ಪಿಎಸ್5 ಇರುವವರಿಗೆ ಒಂದು ಮಾತು. ಅದರ ಬದಿಯ ಬಿಳಿ ಹಲಗೆಗಳು ಸ್ಕ್ರೂಡ್ರೈವರ್ ಇಲ್ಲದೆ ಕೈಯಲ್ಲೇ ಕಳಚಿ ಬರುತ್ತವೆ. ಆ ಹಲಗೆಯ ಒಳಗಿನ ಅಂಚಿಗೆ ತೆಳು ಯುಎಸ್‌ಬಿ ಪಟ್ಟಿ ಅಂಟಿಸಿದರೆ ಸಾಕು, ಯಂತ್ರ ಬಿಚ್ಚುವುದು ಬೇಡ. ಫ್ಯಾನ್ ಗಾಳಿ ಎಳೆಯುವ ಸಂದು ಮಾತ್ರ ಖಾಲಿ ಬಿಡಿ. ರೆಸ್ಟ್ ಮೋಡ್‌ನಲ್ಲೂ ಲೈಟು ಉರಿಯುತ್ತಿದ್ದರೆ ಸೆಟ್ಟಿಂಗ್ಸ್‌ನ ಪವರ್ ಸೇವಿಂಗ್ ಒಳಗೆ, ರೆಸ್ಟ್ ಮೋಡ್‌ನಲ್ಲಿ ಯುಎಸ್‌ಬಿ ಪೋರ್ಟ್‌ಗೆ ಕರೆಂಟು ಕೊಡುವ ಆಯ್ಕೆ ಇದೆ, ಅದನ್ನು ಆಫ್ ಮಾಡಿ. ಆದರೆ ಹಾಗೆ ಮಾಡಿದರೆ ರೆಸ್ಟ್ ಮೋಡ್‌ನಲ್ಲಿ ಕಂಟ್ರೋಲರ್ ಚಾರ್ಜ್ ಆಗುವುದೂ ನಿಲ್ಲುತ್ತದೆ.